ಮೊದಲ ಕಾಲುಚೀಲದಲ್ಲಿ ತಪ್ಪುಗಳಾಗಿವೆ: ಬಿಚ್ಚಬೇಕೆ, ಉಳಿಸಿಕೊಳ್ಳಬೇಕೆ?

ಪ್ರಶ್ನೆ

ಹವ್ಯಾಸಕ್ಕಾಗಿ ಹೆಣಿಗೆ ಕಲಿಯುತ್ತಿರುವ ನಾನು, ಮಫ್ಲರ್ ಮತ್ತು ಟೋಪಿಗಳ ನಂತರ ಮೊದಲ ಬಾರಿಗೆ ಕಾಲುಚೀಲವನ್ನು ಕೈಗೆತ್ತಿಕೊಂಡೆ. ಶೇಕಡಾ 75 ಉಣ್ಣೆ ಮತ್ತು ಶೇಕಡಾ 25 ನೈಲಾನ್ ಇರುವ ತೆಳು ನೂಲು, 2.5 ಮಿ.ಮೀ. ದಪ್ಪದ ಐದು ಕಡ್ಡಿಗಳು, 64 ಕುಣಿಕೆಗಳು. ಮೇಲಂಚಿನಿಂದ ಆರಂಭಿಸಿ ಬೆರಳುಗಳ ಕಡೆಗೆ ಇಳಿಯುವ ವಿನ್ಯಾಸ. ಮೂರು ವಾರಗಳಲ್ಲಿ ಒಂದು ಚೀಲ ಮುಗಿದಿದೆ. ಆದರೆ ಅದರ ಬಾಯಿಯ ಅಂಚು ಎಷ್ಟು ಬಿಗಿಯಾಗಿದೆಯೆಂದರೆ, ಹಿಮ್ಮಡಿಯನ್ನು ದಾಟಿಸುವಾಗ ನೂಲು ಹರಿದೀತೆಂದು ಭಯವಾಗುತ್ತದೆ. ಪಾದದ ಭಾಗ ಮಾತ್ರ ಇದಕ್ಕೆ ವಿರುದ್ಧವಾಗಿ ಸಡಿಲಗೊಂಡು, ಅಂಗಾಲಿನ ಕೆಳಗೆ ಸುಕ್ಕುಗಟ್ಟುತ್ತದೆ. ಹಿಮ್ಮಡಿಯ ಪಟ್ಟಿ ಪಾದದ ಮೇಲ್ಭಾಗವನ್ನು ಸೇರುವ ಎರಡು ಮೂಲೆಗಳಲ್ಲೂ ತೂತುಗಳಿವೆ. ಎಲ್ಲವನ್ನೂ ಬಿಚ್ಚಿ ಮತ್ತೆ ಆರಂಭಿಸಬೇಕೆ, ಅಥವಾ ಜೊತೆಯ ಚೀಲವನ್ನು ಹೆಣೆಯಲು ತೊಡಗಬಹುದೆ?

ಮೊದಲ ಉತ್ತರ

ದಯವಿಟ್ಟು ಈಗಲೇ ಬಿಚ್ಚಬೇಡಿ. ಮುಗಿದ ಚೀಲವು ನಿಮ್ಮ ಕೈಯ ಬಿಗಿ ಎಷ್ಟೆಂಬುದನ್ನು ತೋರಿಸುವ ಅತ್ಯಂತ ನಂಬಲರ್ಹವಾದ ಮಾದರಿ. ಅದನ್ನು ಒಮ್ಮೆ ತೊಳೆದು ಒಣಗಿಸಿ, ಪಾದದ ಭಾಗವನ್ನು ಎಳೆಯದೆ ಸಮತಲದ ಮೇಲೆ ಹರಡಿ, 10 ಸೆಂ.ಮೀ. ಅಗಲದಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿ ನೋಡಿ. ಕಾಲುಚೀಲವು ಪಾದದ ಸುತ್ತಳತೆಗಿಂತ ಸುಮಾರು ಶೇಕಡಾ 10ರಷ್ಟು ಚಿಕ್ಕದಾಗಿರಬೇಕು. ಹಾಗಿದ್ದರೆ ಮಾತ್ರ ಅದು ಸ್ವಲ್ಪ ಹಿಗ್ಗಿ ಪಾದಕ್ಕೆ ಅಂಟಿಕೊಂಡು ನಿಲ್ಲುತ್ತದೆ. ವಿನ್ಯಾಸದಲ್ಲಿ ಹೇಳಿದ 64 ಎಂಬ ಸಂಖ್ಯೆ ಅದನ್ನು ಬರೆದವರ ಕೈಗೆ ಸರಿಹೊಂದಿರುತ್ತದೆ, ನಿಮ್ಮ ಕೈಗೆ ಅಲ್ಲ.

ಮೇಲಂಚಿನ ಬಿಗಿತ ಬೇರೆಯದೇ ಸಮಸ್ಯೆ. ಮೊದಲ ಸಾಲಿನ ಕುಣಿಕೆಗಳನ್ನು ಏರಿಸುವಾಗ ಹೊಸಬರು ಪ್ರತಿಯೊಂದನ್ನೂ ಕಡ್ಡಿಗೆ ಒತ್ತಿ ಬಿಗಿಯುತ್ತಾರೆ, ಸಾಲದ್ದಕ್ಕೆ ಪಕ್ಕಪಕ್ಕದಲ್ಲೇ ತುರುಕುತ್ತಾರೆ. ಮುಂದಿನ ಬಾರಿ ಎರಡು ಕುಣಿಕೆಗಳ ನಡುವೆ ಒಂದಿಷ್ಟು ಅಂತರ ಬಿಟ್ಟು ಏರಿಸಿ. ದಪ್ಪ ಕಡ್ಡಿ ಬಳಸಿದರೆ ಸಾಕೆಂದು ಹಲವರು ಹೇಳುವುದುಂಟು. ಅದರಿಂದ ಕುಣಿಕೆಗಳು ದೊಡ್ಡದಾಗುತ್ತವೆಯೇ ಹೊರತು ಅವುಗಳ ನಡುವಿನ ನೂಲು ಅಷ್ಟಾಗಿ ಹೆಚ್ಚುವುದಿಲ್ಲ, ಅಂಚು ಹಿಗ್ಗಲು ಬೇಕಾದದ್ದು ಆ ನೂಲೇ.

ಎರಡನೆಯ ಉತ್ತರ

ಮೂಲೆಯ ತೂತುಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನನ್ನ ಮೊದಲ ನಾಲ್ಕು ಜೊತೆಗಳಲ್ಲೂ ಅವು ಇದ್ದವು. 32 ಸಾಲುಗಳ ಹಿಮ್ಮಡಿ ಪಟ್ಟಿಯಲ್ಲಿ ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿದ್ದರೆ, ಒಂದೊಂದು ಅಂಚಿನಲ್ಲೂ 16 ಉದ್ದನೆಯ ಕುಣಿಕೆಗಳು ಸಿಗುತ್ತವೆ. ಆ 16ನ್ನು ಎತ್ತಿಕೊಂಡ ಮೇಲೆ, ಮೂಲೆಯಲ್ಲಿ ಅಡ್ಡಲಾಗಿ ಕಾಣುವ ನೂಲನ್ನು ತಿರುಚಿ 17ನೆಯ ಕುಣಿಕೆಯಾಗಿ ಎತ್ತಿಕೊಳ್ಳಿ. ಮುಂದಿನ ಸುತ್ತಿನಲ್ಲಿ ಅದನ್ನು ಪಕ್ಕದ ಕುಣಿಕೆಯೊಂದಿಗೆ ಸೇರಿಸಿ ಹೆಣೆಯಿರಿ. ತಿರುಚದೆ ಎತ್ತಿದರೆ ತೂತು ಇನ್ನಷ್ಟು ದೊಡ್ಡದಾಗುತ್ತದೆ. ಈಗಾಗಲೇ ಇರುವ ತೂತುಗಳನ್ನು ಒಳಭಾಗದಿಂದ ಅದೇ ನೂಲಿನಲ್ಲಿ ಹೊಲಿದು ಮುಚ್ಚಬಹುದು.

ಮೂರನೆಯ ಉತ್ತರ

ಮೇಲಿನ ಸಲಹೆಗಳು ಸರಿಯಾಗಿವೆ, ಆದರೆ ಸಡಿಲವಾದ ಪಾದವನ್ನು ಹಾಗೆಯೇ ಉಳಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸಡಿಲ ಹೆಣಿಗೆ ಪಾದರಕ್ಷೆಯೊಳಗೆ ಉಜ್ಜಿ ಬೇಗ ಸವೆಯುತ್ತದೆ. ನೈಲಾನ್ ಇದ್ದರೂ ಹೆಚ್ಚು ಕಾಲ ಬಾಳುವುದಿಲ್ಲ. ಆದ್ದರಿಂದ ಕುಣಿಕೆಗಳನ್ನು ಕಡಿಮೆ ಮಾಡುವುದಕ್ಕಿಂತ ಮೊದಲು 2.25 ಮಿ.ಮೀ. ಕಡ್ಡಿಯನ್ನು ಪ್ರಯತ್ನಿಸಿ. ಮಾದರಿ ತುಂಡನ್ನು ಚೀಲದಂತೆಯೇ ಸುತ್ತಾಗಿ ಹೆಣೆಯಿರಿ. ಹಿಂದೆ ಮುಂದೆ ತಿರುಗಿಸಿ ಹೆಣೆದ ಚಪ್ಪಟೆ ತುಂಡಿನಲ್ಲಿ ಉಲ್ಟಾ ಸಾಲುಗಳೂ ಸೇರುವುದರಿಂದ, ಅನೇಕರ ಕೈಯಲ್ಲಿ ಅದರ ಅಳತೆ ಬೇರೆ ಬರುತ್ತದೆ.

ಬಿಚ್ಚುವಾಗ ಬೆರಳ ತುದಿಯಿಂದಲೇ ಬಿಚ್ಚಬೇಕು. ಮೇಲಂಚಿನ ಕಡೆಯಿಂದ ಎಳೆದರೆ ಸೀದಾ ಮತ್ತು ಉಲ್ಟಾ ಕುಣಿಕೆಗಳು ಸೇರಿರುವ ಪಟ್ಟಿಯಲ್ಲಿ ನೂಲು ಸಿಕ್ಕಿಹಾಕಿಕೊಳ್ಳುತ್ತದೆ. ಬಿಚ್ಚಿದ ನೂಲು ಗುಂಗುರಾಗಿರುವುದರಿಂದ, ಅದನ್ನು ಲಡಿಯಾಗಿ ಸುತ್ತಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ನೆನೆಸಿ, ನೇತುಹಾಕಿ ಒಣಗಿಸಿದ ಬಳಿಕವೇ ಮತ್ತೆ ಬಳಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತೊಳೆದು ಎಣಿಸಿದೆ: 10 ಸೆಂ.ಮೀ.ಗೆ 28 ಕುಣಿಕೆಗಳು ಬಂದವು. ಅಂದರೆ 64 ಕುಣಿಕೆಗಳ ಸುತ್ತಳತೆ ಸುಮಾರು 23 ಸೆಂ.ಮೀ., ನನ್ನ ಪಾದದ ಸುತ್ತಳತೆ 22 ಸೆಂ.ಮೀ. ಚೀಲವು ಪಾದಕ್ಕಿಂತ ದೊಡ್ಡದಾಗಿಯೇ ಹುಟ್ಟಿತ್ತು; ಸುಕ್ಕಿಗೆ ನೂಲಿನ ಗುಣ ಕಾರಣವೆಂದು ನಾನು ಸುಮ್ಮನೆ ಶಂಕಿಸಿದ್ದೆ. 2.25 ಮಿ.ಮೀ. ಕಡ್ಡಿಯಲ್ಲಿ ಸುತ್ತಾಗಿ ಹೆಣೆದ ಮಾದರಿಯನ್ನೂ ತೊಳೆದು ಒಣಗಿಸಿ ನೋಡಿದಾಗ 32 ಕುಣಿಕೆಗಳು ಬಂದವು. ಅದೇ 64 ಕುಣಿಕೆಗಳು ಈಗ 20 ಸೆಂ.ಮೀ. ಆಗುತ್ತವೆ. ಹಳೆಯ ಚೀಲವನ್ನು ಬೆರಳ ತುದಿಯಿಂದ ಬಿಚ್ಚಿ, ನೂಲನ್ನು ನೆನೆಸಿಟ್ಟಿದ್ದೇನೆ.