‘ಬ್ಲೆಸೆತ್’, ‘ಗಿವ್ಸ್’: ಒಂದೇ ಸಾಲಲ್ಲಿ ಎರಡು ಥರ ಯಾಕೆ?

ಪ್ರಶ್ನೆ:
ಕಾಲೇಜಿನಲ್ಲಿ ಶೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ ಆಡಿಸುತ್ತಿದ್ದೇನೆ. ಕೋರ್ಟಿನಲ್ಲಿ ದಯೆಯ ಬಗ್ಗೆ ಪೋರ್ಷಿಯಾ ಆಡುವ ಮಾತಿನಲ್ಲಿ ಈ ಸಾಲಿದೆ: ‘ಇಟ್ ಬ್ಲೆಸೆತ್ ಹಿಮ್ ದಟ್ ಗಿವ್ಸ್ ಅಂಡ್ ಹಿಮ್ ದಟ್ ಟೇಕ್ಸ್’. ಮೂರು ಕ್ರಿಯಾಪದದಲ್ಲಿ ಒಂದಕ್ಕೆ ಮಾತ್ರ ‘ಎತ್’. ಅಚ್ಚಿನ ತಪ್ಪಾ? ಪಾತ್ರ ಮಾಡುವ ಹುಡುಗಿ ‘ಗಿವೆತ್’, ‘ಟೇಕೆತ್’ ಅಂತಲೇ ಹೇಳ್ತೀನಿ ಅನ್ನುತ್ತಿದ್ದಾಳೆ. ಬಿಡಬಹುದಾ?

ಉತ್ತರ:
ದಯವಿಟ್ಟು ಬೇಡ ಮೇಡಂ. ತಪ್ಪೇನೂ ಇಲ್ಲ ಅಲ್ಲಿ. ‘ಗಿವೆತ್’ ಅಂದರೂ ‘ಗಿವ್ಸ್’ ಅಂದರೂ ಅರ್ಥ ಒಂದೇ, ‘ಕೊಡುತ್ತಾನೆ’. ‘ಎತ್’ ಇಂಗ್ಲೆಂಡಿನ ದಕ್ಷಿಣದ ರೂಪ, ‘ಸ್’ ಉತ್ತರದಿಂದ ಬಂದದ್ದು. ಈ ನಾಟಕ ಬರೆದ 1590ರ ದಶಕದಲ್ಲಿ ಲಂಡನ್ನಿನಲ್ಲಿ ಎರಡೂ ಚಾಲ್ತಿಯಲ್ಲಿದ್ದವು. ಕವಿ ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು.

ಸಾಲನ್ನು ಬೆರಳು ಮಡಚಿ ಎಣಿಸಿ. ಸರಿಯಾಗಿ 10 ಸಿಲಬಲ್ (ಉಚ್ಚಾರದ ತುಂಡು), ಈ ಪದ್ಯದ ಲಯಕ್ಕೆ ಬೇಕಾದಷ್ಟೇ. ಆ ಹುಡುಗಿ ಹೇಳಿದ ಹಾಗೆ ಮಾಡಿದರೆ 12 ಆಗಿ ಲಯ ಮುಗ್ಗರಿಸುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ‘ಇಟ್ ಡ್ರಾಪೆತ್ ಆಸ್ ದ ಜೆಂಟಲ್ ರೇನ್’ ಅಂತ ಬರುತ್ತದೆ, ಅಲ್ವಾ? ಅಲ್ಲಿ ಉಲ್ಟಾ. ‘ಡ್ರಾಪ್ಸ್’ ಅಂದರೆ ಒಂದು ಸಿಲಬಲ್ ಕಡಿಮೆ ಬೀಳುತ್ತದೆ. ಜೋರಾಗಿ ಓದಿಸಿ, ಅವಳಿಗೇ ಗೊತ್ತಾಗುತ್ತದೆ.

ಇನ್ನೊಬ್ಬರು:
ಲೆಕ್ಕ ಸರಿ. ಆದರೆ ‘ಬ್ಲೆಸಸ್’ ಅಂದರೂ ಎರಡೇ ಸಿಲಬಲ್! ಅಲ್ಲಿ ಲಯದ ಒತ್ತಾಯ ಇಲ್ಲ. ನನ್ನ ಪ್ರಕಾರ ಅಲ್ಲಿ ಬೇಕಾಗಿದ್ದದ್ದು ಗಾಂಭೀರ್ಯ. ಆಗಲೇ ಆಡುಮಾತಿನಲ್ಲಿ ‘ಸ್’ ಜಾಸ್ತಿಯಾಗುತ್ತಿತ್ತು, ‘ಎತ್’ಗೆ ಪ್ರಾರ್ಥನೆಯ ದನಿ ಬರುತ್ತಿತ್ತು. 1611ರ ಕಿಂಗ್ ಜೇಮ್ಸ್ ಬೈಬಲ್ ತೆಗೆದು ನೋಡಿ, ಉದ್ದಕ್ಕೂ ‘ಎತ್’: ‘ಮೈ ಕಪ್ ರನ್ನೆತ್ ಓವರ್’. 1643ರಲ್ಲಿ ರಿಚರ್ಡ್ ಹಾಜಸ್ ಎಂಬಾತ, ಜನ ‘ಮೇಕೆತ್’ ಅಂತ ಬರೆದರೂ ಬಾಯಲ್ಲಿ ‘ಮೇಕ್ಸ್’ ಅನ್ನುತ್ತಾರೆ ಅಂತ ಬರೆದಿಟ್ಟಿದ್ದಾನೆ. ಪದ್ಯದಲ್ಲಿ ಮಾತ್ರ ಹಾಗೆ ನುಂಗಬಾರದು. ‘ಡ್ರಾಪೆತ್’ ಪೂರ್ತಿ ಕೇಳಿಸಬೇಕು. ‘ಹ್ಯಾತ್’, ‘ಡತ್’ ಕೂಡ ಇದೇ ಜಾತಿ, ‘ಹ್ಯಾಸ್’ ಮತ್ತು ‘ಡಸ್’ನ ಹಳೆ ರೂಪ. ಅವು ಇನ್ನೂ ಹೆಚ್ಚು ಕಾಲ ಉಳಿದವು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಇವತ್ತೇ ಎಣಿಸಿ ಓದಿಸುತ್ತೇನೆ. ಇನ್ನೊಂದು, ಪೋಸ್ಟರ್‌ಗೆ ಮಕ್ಕಳು ‘ವಿ ಪ್ರೆಸೆಂಟೆತ್’ ಅಂತ ಬರೆದಿದ್ದಾರೆ. ಇರಲಾ?

ಉತ್ತರ:
ಬೇಡ. ‘ಎತ್’ ಬರುವುದು ಹೀ, ಶೀ, ಇಟ್ ಜೊತೆ. ‘ದೌ’ಗೆ, ಅಂದರೆ ಹಳೆಯ ಇಂಗ್ಲಿಷಿನ ‘ನೀನು’ಗೆ, ‘ಎಸ್ಟ್’. ‘ಐ’, ‘ವಿ’ ಜೊತೆ ಎರಡೂ ಇಲ್ಲ, ಬರೀ ‘ಪ್ರೆಸೆಂಟ್’. ಹಳೆಯ ಮೆರುಗು ಬೇಕೇ ಬೇಕು ಅಂದರೆ ‘ಅವರ್ ಕಾಲೇಜ್ ಪ್ರೆಸೆಂಟೆತ್’ ಅಂತ ಬರೆಸಿ. ಆಗ ವ್ಯಾಕರಣವೂ ಸರಿ.