ಸಹಾಯ ಬೇಕು: ಕನ್ನಡಕದ ಚೀಟಿಯಲ್ಲಿ ಪಿ.ಡಿ. (ಎರಡು ಪಾಪೆಗಳ ನಡುವಿನ ದೂರ) ಇಲ್ಲ, ಮೈಸೂರಲ್ಲಿ ಎಲ್ಲಿ ಅಳೆಸೋದು?

ನನ್ನ ಹತ್ರ ಎರಡು ಚೀಟಿ ಇವೆ. ಬಲಗಣ್ಣಿಗೆ ಒಂದರಲ್ಲಿ ಸ್ಫಿಯರ್ (ಮುಖ್ಯ ಪವರ್) -1.50, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾದ ಹೆಚ್ಚುವರಿ ಪವರ್) -0.75, ಆಕ್ಸಿಸ್ (ಆ ದಿಕ್ಕಿನ ಕೋನ) 180, ಇನ್ನೊಂದರಲ್ಲಿ -2.25, +0.75, 90. ಗಾಬರಿ ಬೇಡ, ನಂಬರ್ ಒಂದೇ. ಸ್ಫಿಯರ್‌ಗೆ ಸಿಲಿಂಡರ್ ಕೂಡಿಸಿ, ಸಿಲಿಂಡರಿನ ಚಿಹ್ನೆ ತಿರುಗಿಸಿ, ಆಕ್ಸಿಸ್ 90 ಡಿಗ್ರಿ ಸರಿಸಿದರೆ ತಾಳೆಯಾಗುತ್ತೆ.

ತೊಡಕು ಪಿ.ಡಿ.ಯದು. ಆ್ಯಡ್ (ಓದೋಕೆ ಸೇರಿಸುವ ಪವರ್) +2.00, ಹಾಕಿಸೋದು ಪ್ರೋಗ್ರೆಸಿವ್ (ದೂರಕ್ಕೂ ಓದೋಕೂ ಒಂದೇ, ಗೆರೆ ಇಲ್ಲದ ಲೆನ್ಸ್). ಒಟ್ಟು 64 ಮಿ.ಮೀ. ಅಂತ ಸುಮ್ಮನೆ 32-32 ಹಂಚೋ ಹಾಗಿಲ್ಲ. ಮೂಗಿನ ನಡುವಿನಿಂದ ಒಂದು ಕಣ್ಣು 31, ಇನ್ನೊಂದು 33 ಇರಬಹುದು. ಈ ಲೆನ್ಸಿನಲ್ಲಿ ಓದುವ ಜಾಗ ಮೊದಲೇ ಕಿರಿದು, ಅಳತೆ ತಪ್ಪಿದರೆ ಅದೂ ಪಕ್ಕಕ್ಕೆ ಹೋಗುತ್ತೆ.

ದೇವರಾಜ ಅರಸು ರಸ್ತೆ ಅಥವಾ ಸರಸ್ವತಿಪುರಂ ಕಡೆ ಎರಡೂ ಕಣ್ಣು ಬೇರೆ ಬೇರೆ ಅಳೆದು, ಫ್ರೇಮ್ ಮುಖಕ್ಕೆ ಸರಿಯಾಗಿ ಕೂರಿಸಿದ ಮೇಲೇ ಡೆಮೊ ಲೆನ್ಸಿನಲ್ಲಿ (ಫ್ರೇಮ್ ಜೊತೆ ಬರುವ ಪವರ್ ಇಲ್ಲದ ಲೆನ್ಸ್) ಪೆನ್ನಿಂದ ಪಾಪೆಯ ಚುಕ್ಕೆ ಇಡೋ ಅಂಗಡಿ ಗೊತ್ತಿದ್ದರೆ ಹೇಳಿ. ಸ್ಕೇಲ್ ಹಿಡಿದು ಅಂದಾಜು ಮಾಡೋರು ಬೇಡ.