ಡ್ಯುಲಾಕ್ ಚಿತ್ರಗಳ ಉಮರ್ ಖಯ್ಯಾಮ್: 3 ಚಿತ್ರ ಇಲ್ಲ, ಏನು ಮಾಡಲಿ?

ಹಳೇರಟ್ಟು:
ನಮಸ್ಕಾರ. ಎಡ್ಮಂಡ್ ಡ್ಯುಲಾಕ್ ಚಿತ್ರಗಳಿರುವ ಪರ್ಷಿಯನ್ ಕವಿ ಉಮರ್ ಖಯ್ಯಾಮನ ರುಬಾಯಿಯಾತ್ (ನಾಲ್ಕು ಸಾಲಿನ ಪದ್ಯಗಳು) ಇಂಗ್ಲಿಷಿನಲ್ಲಿ ಹೋದ ತಿಂಗಳು ತರಿಸಿದೆ. ಲಂಡನ್ನಿನ ಹಾಡರ್ ಅಂಡ್ ಸ್ಟೌಟನ್ 1909ರಲ್ಲಿ ತಂದದ್ದು. ಆನ್‌ಲೈನಿನಲ್ಲಿ ಮಾರಿದವರು "ಚಿತ್ರ ಎಲ್ಲಾ ಇವೆ" ಅಂತ ಬರೆದಿದ್ದರು. ಪಾರ್ಸೆಲ್ ಬಿಚ್ಚಿ ಎಣಿಸಿದರೆ 17. ಇರಬೇಕಾದದ್ದು 20. ಮೂರು ಸಲ ಮೆಸೇಜ್ ಹಾಕಿದೆ, ಉತ್ತರವೇ ಇಲ್ಲ.

ಗೊತ್ತಿಲ್ಲದವರಿಗೆ: ಆಗ ಬಣ್ಣದ ಅಚ್ಚಿಗೆ ನುಣುಪು ಕಾಗದವೇ ಬೇಕಿತ್ತು. ಅದಕ್ಕೇ ಚಿತ್ರಗಳನ್ನು ಬೇರೆಯಾಗಿ ಮುದ್ರಿಸಿ, ದಪ್ಪ ಹಾಳೆಯ ಮೇಲೆ ಅಂಚಿನಲ್ಲಷ್ಟೇ ಅಂಟಿಸುತ್ತಿದ್ದರು. ಕೀಳುವುದು ಬಲು ಸುಲಭ. ನನ್ನ ಪ್ರತಿಯ ಒಂದು ಖಾಲಿ ಹಾಳೆಯಲ್ಲಿ ಮೇಲೆ ಎರಡು ಒಣಗಿದ ಅಂಟಿನ ಕಲೆ, ಕೆಳಗೆ ಚಿತ್ರದಷ್ಟೇ ಅಳತೆಗೆ ಹಾಳೆಯ ಬಣ್ಣ ಬೇರೆ. ಗೋಡೆಯಿಂದ ಹಳೇ ಕ್ಯಾಲೆಂಡರ್ ತೆಗೆದ ಜಾಗದ ಹಾಗೆ.

ಇದೇ ಪುಸ್ತಕದ ಬಿಡಿ ಚಿತ್ರಗಳು ಮಾರಾಟಕ್ಕಿವೆ. ಕೊಂಡು ಅಂಟಿಸಲಾ?

ಬೈಂಡರ್ ಮಗ:
ಏನೇ ಮಾಡಿ, ಫೆವಿಕಾಲ್ ಮಾತ್ರ ಬೇಡ ಸಾರ್. ಆಮೇಲೆ ಬಿಡಿಸೋಕೆ ಆಗಲ್ಲ. ನಮ್ಮಪ್ಪ ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು, ಹುಳ ಬರದಿರಲಿ ಅಂತ. ಇಂಥ ಪುಸ್ತಕಕ್ಕೆ ಅದೂ ಬೇಡ. ಬರೀ ಗೋಧಿ ಪಿಷ್ಟದ ತೆಳು ಅಂಟು ಸಾಕು, ನೀರು ತಾಗಿಸಿದರೆ ಬಿಡುತ್ತೆ.

ಅವೆನ್ಯೂ ರಸ್ತೆ:
ಬಿಡಿ ಚಿತ್ರ ಎಲ್ಲಿಂದ ಬರುತ್ತೆ ಹೇಳಿ? ಯಾರೋ ಒಂದು ಪುಸ್ತಕ ಬಿಚ್ಚಿ, ಒಂದೊಂದಾಗಿ ಮಾರುತ್ತಾರೆ, ಫ್ರೇಮ್ ಹಾಕಿಸೋರಿಗೆ. ನೀವು 3 ಕೊಂಡರೆ ಅವನಿಗೆ ಇನ್ನೊಂದು ಪುಸ್ತಕ ಬಿಚ್ಚೋಕೆ ಹುಮ್ಮಸ್ಸು. ಖಾಲಿ ಬಿಡಿ. ಮುಂದೆ ಮಾರೋದಾದರೆ 3 ಇಲ್ಲ ಅಂತ ನಿಜ ಹೇಳಿ.

ಅಂದಹಾಗೆ ಈ ಕವಿತೆಯ ಅದೃಷ್ಟವೇ ವಿಚಿತ್ರ. ಇದನ್ನು ಇಂಗ್ಲಿಷಿಗೆ ತಂದ ಫಿಟ್ಜೆರಾಲ್ಡ್ 1859ರಲ್ಲಿ ತನ್ನ ಹೆಸರು ಹಾಕದೆ 250 ಪ್ರತಿ ಅಚ್ಚು ಹಾಕಿಸಿದ. ಯಾರೂ ಕೊಳ್ಳಲಿಲ್ಲ, ಅಂಗಡಿ ಹೊರಗಿನ, ಒಂದು ಪೆನ್ನಿಗೆ ಒಂದು ಪುಸ್ತಕ ಅನ್ನೋ ಪೆಟ್ಟಿಗೆಗೆ ಬಿತ್ತು. ಆಮೇಲೆ ಅದೇ ಕವಿತೆಗೆ ರತ್ನ ಕೂರಿಸಿದ, ಮೂರು ನವಿಲುಗಳ ರಟ್ಟು ಕಟ್ಟಿದರು. ಆ ಪ್ರತಿ 1912ರಲ್ಲಿ ಟೈಟಾನಿಕ್ ಜೊತೆ ಮುಳುಗಿತು!

ಸುಮ್ನೆ ಓದುಗ:
ನಾನಾದರೆ ಕೊಳ್ಳುತ್ತಿದ್ದೆ. ಬಿಚ್ಚಿದ್ದು ಬಿಚ್ಚಿಯಾಯ್ತು. ಆ ಚಿತ್ರ ಯಾರದೋ ಹೋಟೆಲ್ ಗೋಡೆಗಿಂತ ಪುಸ್ತಕದೊಳಗೆ ಇರೋದು ವಾಸಿ ಅಲ್ವಾ? ಆದರೆ ಮೊದಲು ಅಳತೆ ಕೇಳಿ. ಆಮೇಲಿನ ಅಗ್ಗದ ಮುದ್ರಣಗಳದ್ದೂ ಮಾರಾಟಕ್ಕೆ ಬರುತ್ತವೆ.

ಹಳೇರಟ್ಟು:
ಎಲ್ಲರಿಗೂ ಥ್ಯಾಂಕ್ಸ್. ಅಳತೆ ಕೇಳಿದೆ. ಮೂರೂ ನನ್ನವಕ್ಕಿಂತ ಚಿಕ್ಕವು! ಆ ಕಲೆಯ ಮೇಲಿಟ್ಟರೆ ಸುತ್ತಲೂ ಹಳೇ ಅಂಚು ಕಾಣುತ್ತೆ. ಹಾಗಾಗಿ ಕೊಳ್ಳಲಿಲ್ಲ. ಧರ್ಮಸೂಕ್ಷ್ಮದಿಂದ ಬಿಟ್ಟೆ ಅಂದರೆ ಸುಳ್ಳಾಗುತ್ತೆ.

ನಾನು ಈ ಹುಚ್ಚಿಗೆ ಬಿದ್ದದ್ದು ನಮ್ಮ ತಾತನಿಂದ. ಅವರು ಇದೇ ಕವಿತೆಯ ಕನ್ನಡ ರೂಪವಾದ ಡಿವಿಜಿಯವರ 'ಉಮರನ ಒಸಗೆ'ಯನ್ನು ಸ್ನಾನದ ನೀರು ಕಾಯುವಷ್ಟು ಹೊತ್ತು ಒಲೆ ಮುಂದೆ ಕೂತು ಗಟ್ಟಿಯಾಗಿ ಓದೋರು. ಅವರ ಪ್ರತಿಗೆ ರಟ್ಟೇ ಇರಲಿಲ್ಲ, ಮೊದಲ ಕೆಲವು ಪುಟ ಬಾಯಿಪಾಠ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೀನಿ. ಆ ಮೂರು ಖಾಲಿ ಹಾಳೆಗಳ ಮಧ್ಯೆ ತೆಳು ಕಾಗದ ಇಟ್ಟು ಮುಚ್ಚಿದ್ದೀನಿ. ಬೈಂಡರ್ ಮಗ ಅವರೇ, ಬೆನ್ನು ಸ್ವಲ್ಪ ಬಿಟ್ಟಿದೆ, ಅದಕ್ಕೂ ಗೋಧಿ ಅಂಟೇನಾ?